ನಮ್ಮ ಜಿಪುಣ ಓನರ್ ಶ್ರೀಕಂಠಯ್ಯನವರು

ಪದ್ಮನಾಭನಗರದಲ್ಲಿ ಬಾಡಿಗೆಗೆ ಇದ್ದಷ್ಟು ವರ್ಷವೂ ನಾನು ನನ್ನದೇ ದುಡ್ಡಿನ ಪೇಪರನ್ನು ಸೆಕೆಂಡ್ ಹ್ಯಾಂಡಲ್ಲಿ ಓದಿದ್ದೇನೆ. ಪೇಪರ್ ಬೀಳುತ್ತಿದ್ದದ್ದು ಗೇಟಿನೊಳಗೆ, ಕೆಳಗಿನ ಮನೆಯ ಓನರ್ ಶ್ರೀಕಂಠಯ್ಯನವರ ಕಾಲ ಬುಡದಲ್ಲಿ. ಅವರು ಕೊನೆಯ ಟೆಂಡರ್ ಪ್ರಕಟಣೆಯವರೆಗೂ ಓದಿ, ಪದಬಂಧ ತುಂಬಿ, ಇಸ್ತ್ರಿ ಹಾಕಿದ ಹಾಗೆ ಮಡಿಸಿ ಮೇಲಕ್ಕೆ ತಂದುಕೊಡುತ್ತಿದ್ದರು.

"ಐದನೇ ಪುಟ ಬಿಟ್ಬಿಡಮ್ಮ, ಏನೂ ಇಲ್ಲ. ನಿನ್ ಟೈಮ್ ಉಳೀತು ನೋಡು."

ಅಂದರೆ ಉಪಕಾರ ಮಾಡಿದ್ದು ಅವರು!

ಜಿಪುಣತನ ಅವರಿಗೆ ನಾಚಿಕೆಯ ವಿಷಯವೇ ಅಲ್ಲ, ವ್ರತ. ಟೂತ್‌ಪೇಸ್ಟ್ ಮುಗಿದರೆ ಟ್ಯೂಬಿನ ಮೇಲೆ ಲಟ್ಟಣಿಗೆ ಆಡಿಸುತ್ತಿದ್ದರು; ಅದೂ ಆದಮೇಲೆ ಕತ್ತರಿ. ಮದುವೆ ಕಾರ್ಡುಗಳ ಹಿಂಬದಿಯಲ್ಲೇ ಅವರ ಮನೆಯ ಸಾಮಾನು ಚೀಟಿ. ಆದರೆ ತರಕಾರಿ ಗಾಡಿಯವನು ಒಮ್ಮೆ ತಪ್ಪಿ ಚಿಲ್ಲರೆ ಜಾಸ್ತಿ ಕೊಟ್ಟಾಗ ಬಿಸಿಲಲ್ಲಿ ಎರಡು ಕ್ರಾಸ್ ಓಡಿ ವಾಪಸ್ ಕೊಟ್ಟು ಬಂದರು. ಆಟೋ ಹಿಡಿಯಲಿಲ್ಲ ಬಿಡಿ.

"ನಂದು ಬಿಡಲ್ಲ, ಇನ್ನೊಬ್ರದು ಮುಟ್ಟಲ್ಲ," ಅನ್ನುತ್ತಿದ್ದರು.

ನನ್ನ ಮಗಳ ಸೆಕೆಂಡ್ ಪಿಯುಸಿ ಪರೀಕ್ಷೆ ಹತ್ತಿರ ಬಂದಿದ್ದಾಗ ಒಂದು ಬೆಳಿಗ್ಗೆ ಪಿ.ಜಿ. ನಡೆಸುವವನೊಬ್ಬ ಬಂದ. ನಮ್ಮ ಮನೆ ಅವನಿಗೆ ಬೇಕು, ತಕ್ಷಣ ಬೇಕು, ಎರಡರಷ್ಟು ಬಾಡಿಗೆ ಕೊಡುತ್ತಾನೆ. ಶ್ರೀಕಂಠಯ್ಯನವರು ನನ್ನನ್ನು ಕೆಳಗೆ ಕರೆದರು. "ನೀನಿರೋ ಮನೆ ವಿಷ್ಯ, ನಿನ್ ಹಿಂದೆ ಯಾಕೆ ಮಾತಾಡ್ಬೇಕು? ಕೂತ್ಕೊ."

ಕೂತೆ. ಪರೀಕ್ಷೆಯ ಹೊತ್ತಲ್ಲಿ ಮಗಳನ್ನೂ ಸಾಮಾನನ್ನೂ ಕಟ್ಟಿಕೊಂಡು ಎಲ್ಲಿಗೆ ಹೋಗುವುದು ಎಂಬುದೊಂದೇ ನನ್ನ ಚಿಂತೆ. ಅವನು ಮತ್ತೊಮ್ಮೆ ಎರಡರಷ್ಟು ಎಂದಾಗ ಶ್ರೀಕಂಠಯ್ಯನವರ ಕಣ್ಣು ಹೊಳೆದದ್ದನ್ನು ನಾನೇ ನೋಡಿದೆ. ಅವರ ಹೆಂಡತಿ ಸರೋಜಾ ಆಂಟಿ ಕಾಫಿ ತಂದರು; ಆ ಮನೆಯಲ್ಲಿ ಕಾಫಿ ಬಂತೆಂದರೆ ವ್ಯವಹಾರ ಕುದುರಿತೆಂದೇ ಅರ್ಥ. ಆ ಮನುಷ್ಯ ಅರ್ಧ ಕುಡಿದು ಲೋಟ ಕೆಳಗಿಟ್ಟ.

ಶ್ರೀಕಂಠಯ್ಯನವರು ಲೋಟದೊಳಗೆ ಇಣುಕಿದರು. "ಯಾಕಪ್ಪಾ, ಕಾಫಿ ಚೆನ್ನಾಗಿಲ್ವಾ?"

"ಸೂಪರ್ ಆಗಿದೆ ಸಾರ್. ನಾನ್ ಯಾವಾಗ್ಲೂ ಅರ್ಧ ಬಿಡ್ತೀನಿ, ಅಭ್ಯಾಸ."

"ಪಿ.ಜಿ.ಲಿ ಎಷ್ಟ್ ಜನ ಇರ್ತಾರೆ?"

"ಒಂದ್ ಹನ್ನೆರಡು ಜನ, ಸಾರ್."

ಅವರ ಮುಖದಲ್ಲಿ ಗುಣಾಕಾರ ನಡೆಯಿತು. ಹನ್ನೆರಡು ಜನ, ಒಂದು ಸಂಪು, ತೆರೆದಿಟ್ಟು ಹೋದ ನಲ್ಲಿ, ಆರಿಸದ ಫ್ಯಾನು. ಎದ್ದು ನಿಂತೇಬಿಟ್ಟರು. "ಆಗಲ್ಲಪ್ಪ. ಹೋಗ್ಬಾ."

ಅವನು ಹೋದಮೇಲೆ ನನ್ನ ಕಣ್ಣು ತುಂಬಿಬಂತು. "ಅಂಕಲ್, ಈ ಉಪಕಾರ..."

"ಏಯ್, ನಿಂಗೋಸ್ಕರ ಅಲ್ಲಮ್ಮ! ಸುಳ್ಯಾಕೆ ಹೇಳ್ಲಿ, ದುಡ್ಡಿನ ಮೇಲೆ ಆಸೆ ಬಂದಿತ್ತು. ಆ ಲೋಟ ನೋಡಿ ಇಳ್ದೋಯ್ತು."

ಉಳಿದ ಕಾಫಿಯನ್ನು ಕರಿಬೇವಿನ ಗಿಡಕ್ಕೆ ಹಾಕಿದರು. ಒಬ್ಬ ಮನುಷ್ಯನ ದುರಾಸೆಯನ್ನು ಅವನದೇ ಜಿಪುಣತನ ಹೊಡೆದು ಕೆಡವಿದ್ದನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ. ಮಗಳು ಅದೇ ಮನೆಯಲ್ಲಿ ಓದಿ ಪಾಸಾದಳು.

ಆಮೇಲೆ ವಸಂತಪುರದಲ್ಲಿ ನಮ್ಮದೇ ಫ್ಲ್ಯಾಟ್ ಆಯಿತು. ಖಾಲಿ ಮಾಡುವ ದಿನ ಶ್ರೀಕಂಠಯ್ಯನವರು ಬಂದು ಗೋಡೆಗಳನ್ನೆಲ್ಲ ಸವರಿ ನೋಡಿದರು. ಈ ಊರಲ್ಲಿ ಬಣ್ಣದ ಖರ್ಚೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಓನರುಗಳ ಪದ್ಧತಿ. ಇವರು ಬಿಡುತ್ತಾರಾ? ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಅಡ್ವಾನ್ಸ್ ಪೂರ್ತಿ ಕೈಗಿಟ್ಟರು. "ಗೋಡೆ ಚೆನ್ನಾಗಿದೆ, ನಾನು ಹೊಡ್ಸಲ್ಲ. ಹೊಡೀದೇ ಇರೋ ಬಣ್ಣಕ್ಕೆ ದುಡ್ಡು ಹಿಡ್ಕೊಂಡ್ರೆ ಅದು ಜಿಪುಣತನ ಅಲ್ಲ, ಕಳ್ಳತನ." ಆಮೇಲೆ ತಲೆಯೆತ್ತಿ, "ಆ ಬಲ್ಬ್ ನಿಂದು. ಬಿಚ್ಕೊ," ಅಂದರು.

"ಇರ್ಲಿ ಬಿಡಿ ಅಂಕಲ್, ಮುಂದೆ ಬರೋರಿಗಾಗತ್ತೆ."

"ದಾನ ಮಾಡೋದಾದ್ರೆ ಬಂದೋರ ಕೈಗೆ ಕೊಡು. ಬಿಚ್ಚೋಕೆ ಸೋಮಾರಿತನ, ಅದಕ್ಕೆ ದಾನ ಅಂತ ಹೆಸರು!"

ಕೆಳಗಿಂದ ಸ್ಟೂಲು ತಂದರು. ಅವರನ್ನು ನಾನು ಕೊನೆಯ ಸಲ ನೋಡಿದ್ದು ಆ ಸ್ಟೂಲಿನ ಮೇಲಿಂದಲೇ. ಮರುವರ್ಷ ಅವರು ತೀರಿಕೊಂಡ ಸುದ್ದಿ ನಮಗೆ ತಲುಪುವಷ್ಟರಲ್ಲಿ ಕಾರ್ಯವೆಲ್ಲ ಮುಗಿದಿತ್ತು. ನೆನಪಿರುವುದು ಇಷ್ಟು: ಖಾಲಿ ಹಾಲ್, ಮೇಲೆ ನಾನು, ಕೆಳಗೆ ಮಂಡಿಯೂರಿ ಎರಡೂ ಕೈಯಿಂದ ಸ್ಟೂಲಿನ ಕಾಲು ಅವುಚಿಕೊಂಡ ಒಂದು ಬೋಳುತಲೆ.

"ಭಯ ಬೇಡಿ ಅಂಕಲ್, ಬೀಳಲ್ಲ."

"ನೀನು ಬಿದ್ರೆ ವಾಸಿಯಾಗ್ತೀಯ. ಸ್ಟೂಲು ನಂದು," ಅಂದರು.

ನಾನು ಇಳಿಯುವವರೆಗೂ ಕೈ ಬಿಡಲಿಲ್ಲ.