ಬೀಗ ಜಗ್ಗುವವರಿಗೆ ಮೊದಲ ಸೀಟು

ಮನೆಗೆ ಬೀಗ ಹಾಕಿ, ಅದನ್ನು ಮೂರು ಸಲ ಜಗ್ಗಿ ನೋಡದೆ ನಾನು ಎಲ್ಲಿಗೂ ಹೊರಟವನಲ್ಲ. ಚಾಮರಾಜಪೇಟೆಯ ನಮ್ಮ ರಸ್ತೆಯ ತಿರುವಿನಿಂದ ವಾಪಸ್ಸು ಬಂದು ನಾಲ್ಕನೆಯ ಸಲ ಜಗ್ಗಿದ್ದೂ ಉಂಟು. ಬೀಗ ಇದುವರೆಗೆ ಒಮ್ಮೆಯೂ ಕೈಕೊಟ್ಟಿಲ್ಲ. ನಾನು ಜಗ್ಗುವುದರಿಂದಲೇ ಇರಬಹುದಲ್ಲ?

ಇದು ವಂಶದಿಂದ ಬಂದದ್ದು. ಪ್ಲೇಗಿಗೆ ಹೆದರಿ ಮಾಮೂಲ್‌ಪೇಟೆ ಬಿಟ್ಟ ನಮ್ಮ ಮುತ್ತಜ್ಜ, ಆಗಿನ್ನೂ ನರಿ ಊಳಿಡುತ್ತಿದ್ದ ಬಸವನಗುಡಿಗೆ ಸಂಸಾರ ಸಾಗಿಸಿ, ಗಾಡಿ ಇಳಿದವರೇ ಬೀಗ ನೋಡಿಕೊಂಡು ಬರುತ್ತೇನೆಂದು ಪೇಟೆಗೆ ವಾಪಸ್ಸು ನಡೆದರಂತೆ. "ಆ ಬಯಲಲ್ಲಿ ಮನುಷ್ಯರು ಬದುಕ್ತಾರಾ?" ಎಂದು ನೆಂಟರು ಆಡಿಕೊಂಡರಂತೆ. ಈಗ ಅದೇ ಬಯಲಲ್ಲಿ ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ.

ನನ್ನ ಚಾಳಿ ಊರಿಗೆಲ್ಲ ತಿಳಿದದ್ದು ಮಗಳ ಚರ್ಚಾಸ್ಪರ್ಧೆಯಲ್ಲಿ. ಒಂಬತ್ತನೇ ಕ್ಲಾಸಿನ ವಸುಧಾ ಹಿಂದಿನ ಎರಡು ವರ್ಷವೂ ಎರಡನೆಯ ಬಹುಮಾನದ ಸ್ಟೀಲ್ ಲೋಟ ತಂದಿದ್ದಳು. ಈ ಸಲ ಮೊದಲನೆಯದು ಬರದಿದ್ದರೆ ಇನ್ನು ವೇದಿಕೆಯನ್ನೇ ಹತ್ತುವುದಿಲ್ಲವೆಂದು ಹಟ. ಹೊಸ ಶತಮಾನದ ಸಡಗರದಲ್ಲಿ ಶಾಲೆಯವರು ಕೊಟ್ಟ ವಿಷಯ: ಮನುಷ್ಯ ಅಂತರಿಕ್ಷದಲ್ಲಿ ನೆಲೆಸಬೇಕೆ? ಇವಳ ಪಾಲಿಗೆ 'ಬೇಕು' ಬಂದಿತ್ತು.

ಸಹಾಯಕ್ಕೆ ಕೂತ ನಾನು ಎರಡು ಹಾಳೆ ತುಂಬಿಸಿದೆ. ಗಾಳಿ ಸೋರಿದರೆ? ನೀರು ಮುಗಿದರೆ? ಮಂಗಳಗ್ರಹದಲ್ಲಿ ಹಲ್ಲುನೋವು ಬಂದರೆ? ರಾಕೆಟ್ ಹತ್ತಿದ ಮೇಲೆ, ಮನೆಯ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅನುಮಾನ ಬಂದರೆ?

"ಅಪ್ಪ, ಇದೆಲ್ಲ 'ಬೇಡ' ಅನ್ನೋರಿಗೆ ಕೊಡೋದು," ಎಂದಳು ವಸುಧಾ.

"ಎಸೀಬೇಡ ಕಣೆ," ಎಂದಳು ನನ್ನಾಕೆ ಅಡುಗೆಮನೆಯಿಂದ. "ಎದುರು ಪಕ್ಷದೋರೂ ನಿಮ್ಮಪ್ಪನ ಥರಾನೇ ಹೆದರ್ಸೋದು."

ಸ್ಪರ್ಧೆಯ ದಿನ ತಾಯಿ ಮಗಳು ಮುಂದೆ ಹೋದರು. ನಾನು ಬೀಗದ ಉಪಚಾರ ಮುಗಿಸಿ, ತಡವಾಗಿ ಬಂದು ಕೊನೆಯ ಸಾಲಿನಲ್ಲಿ ಕೂತೆ. ಎದುರು ಪಕ್ಷದ ಹುಡುಗಿ ನನ್ನ ಹಾಳೆಗಳನ್ನು ಓದಿಕೊಂಡೇ ಬಂದವಳಂತೆ ಒಂದೊಂದೇ ಭಯವನ್ನು ಹೊರತೆಗೆದಳು. "ಅಲ್ಲಿ ಒಂದು ಸಣ್ಣ ಮರೆವು ಸಾಕು, ಊರಿಗೆ ಊರೇ ಹೋಗುತ್ತೆ," ಎಂದು ಅವಳು ಮುಗಿಸಿದಾಗ ನಾನು ತಲೆದೂಗಿದೆ. ಆಮೇಲೆ ಮಗಳ ನೆನಪಾಗಿ ತಲೆಯನ್ನು ನಿಲ್ಲಿಸಿದೆ.

ವಸುಧಾ ಎದ್ದಳು. "ಒಪ್ತೀನಿ. ಅದಕ್ಕೇ ಅಲ್ಲಿಗೆ ಬರೀ ಧೈರ್ಯವಂತರನ್ನ ಕಳಿಸಬಾರದು. ನಮ್ಮಪ್ಪನಂಥವರನ್ನ ಕಳಿಸಬೇಕು. ಹಾಕಿದ ಬೀಗಾನ ಮೂರು ಸಲ ಜಗ್ಗಿ ನೋಡ್ತಾರೆ. ಇವತ್ತೂ ಜಗ್ಗಿ, ತಡವಾಗಿ ಬಂದು, ಅಗೋ, ಕೊನೇ ಸಾಲಲ್ಲಿ ಕೂತಿದಾರೆ. ನಮ್ಮನೇಲಿ ಒಂದು ದಿನಾನೂ ಗ್ಯಾಸ್ ಸೋರಿಲ್ಲ. ಹೆದರೋರು ಇದ್ದಲ್ಲೇ ಇರ್ಬೇಕು ಅಂತ ಯಾರು ಹೇಳಿದ್ದು? ಪ್ಲೇಗಿಗೆ ಹೆದರಿದೋರೇ ಅಲ್ವಾ ಬಸವನಗುಡೀಲಿ ಮನೆ ಮಾಡಿದ್ದು?"

ಸಭೆಯ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಜೀವಮಾನದಲ್ಲಿ ಮೊದಲ ಸಲ ನನ್ನ ಪುಕ್ಕಲುತನಕ್ಕೆ ಚಪ್ಪಾಳೆ ಬಿತ್ತು. ಮೊದಲ ಬಹುಮಾನವೂ ಬಂತು. ಅದೂ ಸ್ಟೀಲಿನದೇ, ಆದರೆ ಮುಚ್ಚಳವಿರುವ ಡಬ್ಬಿ.

ಆಟೋದಲ್ಲಿ ಬರುತ್ತ ಯೋಚಿಸಿದೆ. ನೆಲೆಸಬೇಕೆ? ಧಾರಾಳವಾಗಿ. ಹೊಸ ಊರಿನಲ್ಲಿ ಮೊದಲು ಕಾಲಿಡುವವರು ಧೀರರೇ ಇರಲಿ. ಅಲ್ಲಿ ಮಕ್ಕಳುಮರಿ ನಿಶ್ಚಿಂತೆಯಾಗಿ ನಿದ್ದೆ ಮಾಡಬೇಕಾದರೆ ನಮ್ಮಂಥವರೇ ಬೇಕು.

ಮನೆ ಬಂತು. ಬೀಗ ಭದ್ರವಾಗಿತ್ತು. ನಾನು ಕೀಲಿಕೈ ಹುಡುಕುತ್ತಿದ್ದಾಗ ವಸುಧಾ ಡಬ್ಬಿಯ ಮುಚ್ಚಳ ಒತ್ತಿ, ಸಾಲದೆಂಬಂತೆ ಮೂರು ಸಲ ಎಳೆದು ನೋಡಿದಳು. ನಮ್ಮ ವಂಶ ಮಂಗಳಗ್ರಹಕ್ಕೆ ಹೊರಡಲು ಸಿದ್ಧವಾಗಿದೆ.