ಬಶೀರಣ್ಣ ಕಣ್ಣಿಟ್ಟ ಫ್ರಿಜ್

ಮರುಭೂಮಿಯಲ್ಲಿ ವಾರವಿಡೀ ನಡೆಯುವ ಕ್ಯಾಂಪಿಂಗ್ ಉತ್ಸವಕ್ಕೆ ಹೊರಟಿದ್ದೆವು. ಅಲ್ಲಿ ಏನೂ ಸಿಗುವುದಿಲ್ಲವೆಂದು ನನ್ನ ಹೆಂಡತಿ ಹಾಸಿಗೆ, ಕುಕ್ಕರ್, ಗ್ಯಾಸ್ ಒಲೆ, ಕುಚ್ಚಲಕ್ಕಿ ಎಲ್ಲವನ್ನೂ ಕಾರಿಗೆ ತುಂಬಿಸಿದಳು. ಒಮಾನಿನ ನಿಜ್ವಾದ ನಮ್ಮ ಬಿಲ್ಡಿಂಗಿನ ಕೆಳಗೆ ಅಂಗಡಿ ಇಟ್ಟಿರುವ ವಿಟ್ಲದ ಬಶೀರಣ್ಣ ನೋಡುತ್ತಲೇ ಇದ್ದರು. ಕೊನೆಗೆ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಕೆಲಸ ಖಲಾಸಾ ಮಾರಾಯ್ರೇ?"

"ಇಲ್ಲ ಬಶೀರಣ್ಣ, ಮರಳಿನಲ್ಲಿ ಟೆಂಟ್ ಹಾಕಿ ಮಲಗಲಿಕ್ಕೆ ಹೋಗುವುದು."

"ಮನೆಯಲ್ಲಿ ಎಸಿ ಇಟ್ಟುಕೊಂಡಾ?" ಅವರು ನಂಬಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು, "ನನ್ನ ಹತ್ತಿರ ಎಂಥ ನಾಚಿಕೆ? ಊರಿಗೆ ಹೋಗುವಾಗ ನಿಮ್ಮ ಮನೆಯ ಆ ಫ್ರಿಜ್ ಮಾತ್ರ ಬೇರೆ ಯಾರಿಗೂ ಕೊಡಬೇಡಿ" ಎಂದರು.

ವಾರ ಕಳೆದು ನಾವು ಅದೇ ಸಾಮಾನು ಇಳಿಸುವಾಗ ಬಶೀರಣ್ಣನ ಮುಖ ಬಾಡಿತು. ಅಂಗಡಿಯ ಮೂಲೆಯಲ್ಲಿ ಫ್ರಿಜ್ಜಿಗೆ ಜಾಗ ಕೂಡ ಮಾಡಿಟ್ಟಿದ್ದರಂತೆ. ನನ್ನ ಕೆಲಸ ಹೋಗದಿದ್ದುದಕ್ಕೆ ನಾನೇ ಅವರಿಗೆ ಸಮಾಧಾನ ಹೇಳಬೇಕಾಯಿತು.