ಅಣ್ಣನ ಎದೆಯೊಳಗಿನ ತೇಪೆ

ಅಣ್ಣನಿಗೆ ಎದೆನೋವು ಬಂದದ್ದು ಹೊಲದಲ್ಲಿ ಶುಂಠಿ ಕೀಳಿಸುತ್ತಿದ್ದಾಗ. ನಾನು ಕುಶಾಲನಗರದಲ್ಲಿ ನನ್ನ ಸೈಕಲ್ ಶಾಪಿನಲ್ಲಿದ್ದೆ, ಯಾರೂ ತಿಳಿಸಲಿಲ್ಲ. ಮನೆಯಲ್ಲಿದ್ದ ಚಿಕ್ಕಪ್ಪ ಗ್ಯಾಸೆಂದು ತೀರ್ಮಾನಿಸಿ, ಬ್ರಾಂದಿಗೆ ಕಾಳುಮೆಣಸಿನ ಪುಡಿ ಹಾಕಿ ಕುಡಿಸಿದರು. ನಮ್ಮ ಕಡೆ ಶೀತಕ್ಕೂ ಅದೇ, ಬೆನ್ನುನೋವಿಗೂ ಅದೇ, ಬಾಣಂತಿಗೂ ಅದೇ. ಅಣ್ಣ ಒಂದೇ ಸಮನೆ ಬೆವರಿದ. ಬೆವರು ನೋಡಿ, ಔಷಧಿ ಹಿಡಿಯಿತು ಎಂದು ಚಿಕ್ಕಪ್ಪ ಖುಷಿಪಟ್ಟರಂತೆ!

ಕೆಲವು ದಿನ ಕಳೆದು, ಅವನು ಉಸಿರಿಗೆ ಒದ್ದಾಡತೊಡಗಿದಾಗ ಅತ್ತಿಗೆ ನನಗೆ ಫೋನ್ ಮಾಡಿದರು. ಜೀಪಿನಲ್ಲಿ ಮೈಸೂರಿಗೆ ಒಯ್ದೆವು.

"ಅವತ್ತೇ ಹಾರ್ಟ್ ಅಟ್ಯಾಕ್ ಆಗಿದೆ," ಎಂದರು ಡಾಕ್ಟರು. "ರಕ್ತ ಸಿಗದೆ ಸತ್ತ ಭಾಗ ಈಗ ಹರಿದಿದೆ. ಹೃದಯದ ಎರಡು ಕೋಣೆ ಮಧ್ಯದ ಗೋಡೆಲಿ ತೂತು. ತೇಪೆ ಹಾಕಿ ಹೊಲೀಬೇಕು. ಸುತ್ತಲ ಮಾಂಸ ನೆಂದ ಕಾಗದದ ಹಾಗಿದೆ, ಹೊಲಿಗೆ ನಿಲ್ಲುತ್ತೆ ಅಂತ ಹೇಳೋಕಾಗಲ್ಲ. ಹೊಲೀದೆ ಬಿಟ್ರೆ ಮಾತ್ರ ಉಳಿಯಲ್ಲ."

ಚಿಕ್ಕಪ್ಪ ನನ್ನನ್ನು ಹೊರಗೆ ಎಳೆದರು. "ನೆಂದ್ ಕಾಗ್ದ ಯಾರಾನ ಹೊಲೀತಾರೇನ್ಲಾ? ನಡಿ, ಮನೆಗ್ ಕರ್ಕಂಡ್ ಹೋಗಾನ. ಬೆಚ್ಚಗಿಟ್ರೆ ಅದೇ ಕೂಡ್ಕತದೆ."

"ಬೆಚ್ಚಗಿಟ್ಟಿದ್ಕೇ ಚಿಕ್ಕಪ್ಪಾ, ಇಲ್ಲಿಗ್ ಬಂದಿರದು!"

"ನೀನೇನ್ ಡಾಕ್ಟ್ರಾ? ಮೀಸೆ ಬೆಳ್ಳಗಾಗೋ ಹೊತ್ಗೆ ಎಸ್ಸೆಲ್ಸಿ ಪಾಸಾದೋನು!"

"ನಾನು ಅಷ್ಟಾದ್ರೂ ಓದ್ದೆ."

ನಾವು ಕಿರುಚಾಡುತ್ತಿರುವಾಗಲೇ ಅತ್ತಿಗೆ ಒಳಗೆ ಹೋಗಿ ಆಪರೇಷನ್ನಿಗೆ ಸಹಿ ಹಾಕಿ ಬಂದಿದ್ದರು.

ಸಂಜೆ ಡಾಕ್ಟರು ಹೊರಗೆ ಬಂದರು. "ತೇಪೆ ಕೂತಿದೆ. ಒಂಚೂರು ಸೋರ್ತಿದೆ, ಆದ್ರೆ ತಡ್ಕೊಳ್ತಾರೆ." ಅತ್ತಿಗೆ ನಿಂತಲ್ಲೇ ಗೋಡೆಗೆ ಒರಗಿದರು. ನಾನು ಏನಾದರೂ ಹೇಳುವ ಮೊದಲೇ ಚಿಕ್ಕಪ್ಪ ತೊಡೆ ತಟ್ಟಿದರು.

"ನೋಡ್ದಾ! ಅವತ್ ನಾನ್ ಬ್ರಾಂದಿ ಹಾಕಿದ್ಕೇ ಇಲ್ಲಿಗಂಟ ಜೀವ ತಡ್ಕಂಡಿದ್ದು."

ಅವರೆದುರು ಎಂದೂ ದನಿ ಎತ್ತದ ಅತ್ತಿಗೆ ಹೇಳಿದರು: "ಮಾವ, ಊರ್ ಕಡೆಗೆ ಇನ್ನೂ ಬಸ್ಸಿದೆ. ನೀವು ಹೊರಡಿ."

ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು ತಡೆಯುತ್ತೇನೆ ಎಂದುಕೊಂಡಿರಬೇಕು. ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದವರು ಅವರೇ. ಆ ಬ್ರಾಂದಿ ಗ್ಲಾಸನ್ನು ಕೊಟ್ಟದ್ದೂ ಪ್ರೀತಿಯಿಂದಲೇ. ಅದು ನೆನಪಾದರೆ ನನ್ನ ಸಿಟ್ಟು ಇಳಿಯುವುದಿಲ್ಲ, ಇನ್ನಷ್ಟು ಏರುತ್ತದೆ. ಬೆಂಚಿನ ಮೇಲಿದ್ದ ಅವರ ಚೀಲವನ್ನು ಎತ್ತಿ ಕೈಗೆ ಕೊಟ್ಟೆ.